ಮಂಜು ಬೀಳದ ಊರಿನ ಚಳಿಗಾಲದ ಪ್ರೇಮಕಥೆಗಳು

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಒಂದು ಜಾತಿಯ ಇಂಗ್ಲಿಷ್ ಪುಸ್ತಕಗಳು ಮುಂದಿನ ಸಾಲಿಗೆ ಬಂದು ಕೂರುತ್ತವೆ. ತಿಳಿನೀಲಿ ಮುಖಪುಟ, ಅದರ ಮೇಲೆ ಹಿಮದ ಚುಕ್ಕಿ, ಉಣ್ಣೆ ಟೋಪಿ ಹಾಕಿದ ಹುಡುಗ, ಬಿಸಿ ಕಪ್ಪು ಹಿಡಿದ ಹುಡುಗಿ. ಹದಿನಾರು ಹದಿನೇಳರ ವಯಸ್ಸಿನವರಿಗೆಂದೇ ಬರೆದವು. ರೈಲು ಹಿಮದಲ್ಲಿ ಸಿಕ್ಕಿಕೊಳ್ಳುತ್ತೆ, ಹುಡುಗಿ ಇಳಿದು ಹತ್ತಿರದ ಹೋಟೆಲಿಗೆ ನಡೀತಾಳೆ, ಅಲ್ಲೊಬ್ಬ ಹುಡುಗ ಸಿಗ್ತಾನೆ. ಸ್ವಲ್ಪ ಮುನಿಸು, ತುಂಬಾ ನಗು, ಕೊನೆಗೊಂದು ಮುತ್ತು. ಯಾರೂ ಸಾಯಲ್ಲ. ಜಾನ್ ಗ್ರೀನ್, ಮಾರೀನ್ ಜಾನ್ಸನ್, ಲಾರೆನ್ ಮಿರಾಕಲ್ ಮೂವರೂ ಸೇರಿ 2008ರಲ್ಲಿ ತಂದ ‘ಲೆಟ್ ಇಟ್ ಸ್ನೋ’ ಇಂಥದ್ದೇ. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಅದು ಸಿನಿಮಾ ಆಗಿ ಬಂತು, ನಮ್ಮಲ್ಲಿ ಎಷ್ಟೋ ಜನ ಕಂಬಳಿ ಹೊದ್ದುಕೊಂಡು ನೋಡಿಯೂ ಆಯಿತು.

ಕನ್ನಡದಲ್ಲಿ ಇಂಥದ್ದು ಯಾಕಿಲ್ಲ ಅಂತ ಆಫೀಸಿನ ಊಟದ ಟೇಬಲ್ಲಿನಲ್ಲಿ ಯಾರಾದರೂ ಕೇಳಿದರೆ ಎರಡು ರೆಡಿಮೇಡ್ ಉತ್ತರ ಬರುತ್ತವೆ. ಒಂದು, ನಮ್ಮಲ್ಲಿ ಹಿಮ ಬೀಳಲ್ಲ. ಎರಡು, ನಮ್ಮಲ್ಲಿ ಹದಿನಾರರ ಹುಡುಗಿ ಪ್ರೀತಿ ಗೀತಿ ಅಂದರೆ ಕಾಲೇಜು ಬಿಡಿಸ್ತಾರೆ. ಎರಡೂ ಸುಳ್ಳಲ್ಲ. ಆದರೆ ಇವೆರಡನ್ನೇ ನಂಬಿಬಿಟ್ಟರೆ ಒಂದು ದೊಡ್ಡ ಓದುಗ ವರ್ಗ ಇತಿಹಾಸದಿಂದ ಕಾಣೆಯಾಗಿಬಿಡುತ್ತದೆ. ಆ ಹೆಸರಿನ ಕಪಾಟು ನಮ್ಮಲ್ಲಿ ಇರಲಿಲ್ಲ, ನಿಜ. ಓದುವ ಹುಡುಗಿಯರು ಇದ್ದರು, ಬೇಕಾದಷ್ಟು ಜನ ಇದ್ದರು.

ಇಂಗ್ಲಿಷಿನವರಿಗೆ ಆ ಕಪಾಟು ಹೇಗೆ ಸಿಕ್ಕಿತು ಅಂತ ಮೊದಲು ನೋಡೋಣ. ಲಂಡನ್ನಿನಲ್ಲಿ ಜೆರಾಲ್ಡ್ ಮಿಲ್ಸ್, ಚಾರ್ಲ್ಸ್ ಬೂನ್ ಅನ್ನೋ ಇಬ್ಬರು 1908ರಲ್ಲಿ ಒಂದು ಪ್ರಕಾಶನ ಶುರು ಮಾಡಿದರು. ಆಗ ಅವರು ಎಲ್ಲ ಥರದ ಪುಸ್ತಕ ಹಾಕುತ್ತಿದ್ದರು. 1930ರ ದಶಕದಲ್ಲಿ ಊರೂರಿನ ಬಾಡಿಗೆ ಲೈಬ್ರರಿಗಳಲ್ಲಿ ಹೆಂಗಸರು ಪ್ರೇಮಕಥೆಗಳನ್ನೇ ಹುಡುಕಿಕೊಂಡು ಬರುತ್ತಿದ್ದಾರೆ ಅನ್ನುವುದು ಗೊತ್ತಾದ ಮೇಲೆ ಪೂರ್ತಿ ಆ ಕಡೆ ತಿರುಗಿದರು. ಕಂದು ಬಣ್ಣದ ಬೈಂಡಿನ ಆ ಪುಸ್ತಕಗಳೇ ಮಿಲ್ಸ್ ಅಂಡ್ ಬೂನ್. 1981ರಲ್ಲಿ ಅಮೆರಿಕದ ಬ್ಯಾಂಟಮ್ ಪ್ರಕಾಶನ ‘ಸ್ವೀಟ್ ಡ್ರೀಮ್ಸ್’ ಅನ್ನುವ ಮಾಲೆ ಶುರು ಮಾಡಿತು, ಅದು ಹದಿಹರೆಯದ ಹುಡುಗಿಯರಿಗೇ ಮೀಸಲು. ಇಂದಿನ ಹಿಮದ ಮುಖಪುಟಗಳೆಲ್ಲ ಆ ವಂಶದವು. ಅಂದರೆ ಯಾರು ಓದುತ್ತಿದ್ದಾರೆ ಅಂತ ವ್ಯಾಪಾರದವರು ಮೊದಲು ಗಮನಿಸಿದರು, ಆಮೇಲೆ ಅವರ ಹೆಸರಿನಲ್ಲೇ ಒಂದು ಕಪಾಟು ಮಾಡಿಕೊಟ್ಟರು.

ನಮ್ಮಲ್ಲಿ ಆ ಗಮನಿಸುವ ಕೆಲಸವೇ ಆಗಲಿಲ್ಲ.

1965ರ ಜನವರಿಯಲ್ಲಿ ‘ಸುಧಾ’ ವಾರಪತ್ರಿಕೆ ಶುರುವಾಯಿತು. ‘ಪ್ರಜಾಮತ’, ‘ಕರ್ಮವೀರ’ ಅದಕ್ಕೂ ಮೊದಲೇ ಇದ್ದವು. ‘ತರಂಗ’ ಬಂದದ್ದು 1983ರಲ್ಲಿ, ಆಮೇಲೆ ‘ಮಂಗಳ’. ಪತ್ರಿಕೆ ಮನೆಗೆ ಬರುತ್ತಿದ್ದದ್ದು ಅಪ್ಪನ ದುಡ್ಡಿನಲ್ಲಿ. ಮಕ್ಕಳಿಗೆ ಕಾಮಿಕ್ಸು, ಅಜ್ಜಿಗೆ ವಾರಭವಿಷ್ಯ, ಅಪ್ಪನಿಗೆ ರಾಜಕೀಯ, ಅಮ್ಮನಿಗೆ ಅಡುಗೆ ಮತ್ತು ಧಾರಾವಾಹಿ. ಲೆಕ್ಕ ಅಲ್ಲಿಗೆ ಮುಗಿಯಿತು. ಪಿಯುಸಿ ಓದುವ ಮಗಳು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಆದರೆ ಪತ್ರಿಕೆ ಬಾಗಿಲಿಗೆ ಬಿದ್ದ ತಕ್ಷಣ ಧಾರಾವಾಹಿಯ ಪುಟಕ್ಕೆ ಮೊದಲು ಕೈ ಹಾಕುತ್ತಿದ್ದವಳು ಅವಳೇ.

ಅವಳು ಓದಿದ್ದು ಏನನ್ನು? ಒಂದು ಉದಾಹರಣೆ ತಗೊಳ್ಳೋಣ. ತ್ರಿವೇಣಿಯವರ ‘ಬೆಳ್ಳಿ ಮೋಡ’. ಪುಟ್ಟಣ್ಣ ಕಣಗಾಲ್ ಅದನ್ನು 1967ರಲ್ಲಿ ಸಿನಿಮಾ ಮಾಡಿದರು, ಕಲ್ಪನಾ ನಾಯಕಿ. ಬೆಟ್ಟದ ಮೇಲಿನ ಎಸ್ಟೇಟು, ತಣ್ಣನೆಯ ಗಾಳಿ, ಒಬ್ಬಳೇ ಮಗಳು ಇಂದಿರಾ. ಮೋಹನ ಅನ್ನುವ ಹುಡುಗನ ಜೊತೆ ಮದುವೆ ಗೊತ್ತಾಗುತ್ತದೆ. ಅಷ್ಟರಲ್ಲಿ ಇಂದಿರಾಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಇನ್ನು ಆಸ್ತಿ ಪೂರ್ತಿ ಬರಲ್ಲ ಅಂತ ಗೊತ್ತಾದ ಕೂಡಲೇ ಹುಡುಗ ಜಾರಿಕೊಳ್ಳುತ್ತಾನೆ. ಮುಂದೆ ಅವನಿಗೇ ಅಪಘಾತವಾದಾಗ ಆರೈಕೆ ಮಾಡುವವಳು ಇವಳು. ಅವನು ಪಶ್ಚಾತ್ತಾಪಪಟ್ಟು ಮದುವೆಯಾಗೋಣ ಅಂತಾನೆ. ಇವಳು ಒಲ್ಲೆ ಅಂತಾಳೆ. 1960ರ ದಶಕದಲ್ಲಿ, ಗಂಡು ಒಪ್ಪಿದರೆ ಸಾಕು ಅನ್ನುವ ಮನೆಗಳಲ್ಲಿ, ಒಬ್ಬಳು ಹುಡುಗಿ ಕೊನೆಯಲ್ಲಿ ಬೇಡ ಅನ್ನುವುದನ್ನು ಹದಿನಾರರವಳು ಓದಿದಳು, ನೋಡಿದಳು. ಇದು ಸಣ್ಣ ಮಾತಲ್ಲ. ಬರೆದ ತ್ರಿವೇಣಿ 1963ರಲ್ಲಿ, ಮೂವತ್ತನಾಲ್ಕನೇ ವಯಸ್ಸಿಗೇ ತೀರಿಕೊಂಡಿದ್ದರು. ಸಿನಿಮಾ ನೋಡಲಿಲ್ಲ.

ಅವರ ಹಿಂದೆ ಮುಂದೆ ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಅಶ್ವಿನಿ, ಎಚ್.ಜಿ. ರಾಧಾದೇವಿ, ಸಾಯಿಸುತೆ. ಇವರ ಕಾದಂಬರಿಗಳ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿ, ಒಂದು ತಮಾಷೆ ಕಾಣುತ್ತದೆ. ‘ಬೆಳ್ಳಿ ಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಹೊಂಬಿಸಿಲು’, ‘ಇಬ್ಬನಿ ಕರಗಿತು’. ಇದೇನು ಕಾದಂಬರಿಗಳ ಪಟ್ಟಿಯೋ ಹವಾಮಾನ ವರದಿಯೋ! ನನಗನ್ನಿಸುವುದು ಇಷ್ಟು: ಪ್ರೀತಿ ಅನ್ನುವ ಶಬ್ದವನ್ನು ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ಹಾಕಿದ ಪುಸ್ತಕವನ್ನು ಹುಡುಗಿ ಬಸ್ಸಿನಲ್ಲಿ ಹಿಡಿದುಕೊಳ್ಳೋಕೆ ಆಗಲ್ಲ. ಇಬ್ಬನಿ, ಮೋಡ, ಎಳೆಬಿಸಿಲು ಅಂದರೆ ಯಾರ ತಕರಾರೂ ಇಲ್ಲ. ನಮ್ಮ ಚಳಿಗಾಲದ ಪ್ರೇಮಕಥೆ ಹೀಗೆ ಹವೆಯ ಹೆಸರಿಟ್ಟುಕೊಂಡು ಮನೆಯೊಳಗೆ ಬಂತು. ಒಳಗೆ ಮಡಿಕೇರಿ, ಚಿಕ್ಕಮಗಳೂರು, ಊಟಿ ಇರುತ್ತಿದ್ದವು. ಶಾಲು ಹೊದ್ದ ನಾಯಕಿ, ಮಂಜಿನಲ್ಲಿ ಬರುವ ಜೀಪು, ಜೀಪಿನಲ್ಲಿ ಡಾಕ್ಟರು. ಡಾಕ್ಟರು ಬಿಟ್ಟರೆ ಎಂಜಿನಿಯರು. ನಮ್ಮ ಕುಲಕ್ಕೆ ಅಷ್ಟೊಂದು ಗೌರವ ಕೊಟ್ಟ ಸಾಹಿತ್ಯ ಮತ್ತೊಂದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಕೋಲಾರ ಸೀಮೆಯ ಸಾಹಿತ್ಯ ಅಂದರೆ ರಾಜ್ಯೋತ್ಸವದ ಭಾಷಣದಲ್ಲಿ ಎರಡು ಹೆಸರು ಗ್ಯಾರಂಟಿ. ಮುಳಬಾಗಿಲಿನ ಡಿ.ವಿ. ಗುಂಡಪ್ಪ, ಮಾಲೂರು ತಾಲ್ಲೂಕು ಮಾಸ್ತಿಯ ವೆಂಕಟೇಶ ಅಯ್ಯಂಗಾರ್. ಇಬ್ಬರೂ ದೊಡ್ಡವರು, ಅನುಮಾನವೇ ಇಲ್ಲ. ಆದರೆ ನಮ್ಮ ಊರುಗಳ ಹೆಣ್ಣುಮಕ್ಕಳು ಸಾಲು ಹಿಡಿದು ಓದಿದ ಸಾಯಿಸುತೆಯವರೂ ಕೋಲಾರದವರೇ ಅಂತ ಆ ಭಾಷಣಗಳಲ್ಲಿ ನಾನೆಂದೂ ಕೇಳಲಿಲ್ಲ. ಅವರ ಹೆಸರು ರತ್ನ, ಹುಟ್ಟಿದ್ದು 1942ರಲ್ಲಿ. ನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ‘ಬಾಡದ ಹೂ’ 1982ರಲ್ಲಿ ಸಿನಿಮಾ ಆಯಿತು, ‘ಮಿಡಿದ ಶ್ರುತಿ’ 1992ರಲ್ಲಿ. ಹಾಡುಗಳು ಎಲ್ಲರಿಗೂ ನೆನಪಿವೆ, ಕಥೆ ಯಾರದು ಅಂದರೆ ಗೂಗಲ್ ಮಾಡಬೇಕು.

ಇನ್ನೊಂದು ಸಂಗತಿ ಗಡಿ ಸೀಮೆಯವರಿಗೆ ಮಾತ್ರ ಸರಿಯಾಗಿ ಅರ್ಥವಾಗೋದು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ತೆಲುಗಿನಲ್ಲಿ ಆಗ ಯದ್ದನಪೂಡಿ ಸುಲೋಚನಾರಾಣಿಯವರ ‘ಸೆಕ್ರೆಟರಿ’ಯಂಥ ಕಾದಂಬರಿಗಳ ಹುಚ್ಚು. ಅದರ ನಾಯಕ ರಾಜಶೇಖರನಂಥ ಗಂಡ ಬೇಕು ಅಂತ ಒಂದು ತಲೆಮಾರಿನ ಹುಡುಗಿಯರು ಕನಸು ಕಂಡರಂತೆ. ನಮ್ಮ ಹುಡುಗಿಯರು ಆ ಸಿನಿಮಾವನ್ನು ತೆಲುಗಿನಲ್ಲಿ ನೋಡಿ, ಪತ್ರಿಕೆಯನ್ನು ಕನ್ನಡದಲ್ಲಿ ಓದಿ, ಎರಡೂ ಕಡೆಯ ನಾಯಕರನ್ನು ಹೋಲಿಸಿ ಮಾರ್ಕ್ಸ್ ಹಾಕುತ್ತಿದ್ದರು. ವ್ಯಾಪಾರ ಒಂದೇ ದಿಕ್ಕಿಗೆ ನಡೆಯಲಿಲ್ಲ ಅನ್ನುವುದಕ್ಕೆ ಎಚ್.ಜಿ. ರಾಧಾದೇವಿಯವರ ‘ಅನುರಾಗದ ಅಂತಃಪುರ’ ಸಾಕ್ಷಿ. 1986ರಲ್ಲಿ ಅದು ರಾಜ್‌ಕುಮಾರ್ ಅವರ ‘ಅನುರಾಗ ಅರಳಿತು’ ಆಯಿತು. 1992ರಲ್ಲಿ ತೆಲುಗಿನಲ್ಲಿ ಚಿರಂಜೀವಿಯ ‘ಘರಾನಾ ಮೊಗುಡು’, ತಮಿಳಿನಲ್ಲಿ ರಜನೀಕಾಂತರ ‘ಮನ್ನನ್’, 1994ರಲ್ಲಿ ಹಿಂದಿಯ ‘ಲಾಡ್ಲಾ’. ನಮ್ಮೂರ ಹುಡುಗರು ಶಿಳ್ಳೆ ಹೊಡೆದು ಕುಣಿದ ಘರಾನಾ ಮೊಗುಡುವಿನ ಬೇರು ಅಕ್ಕಂದಿರು ದಿಂಬಿನ ಕೆಳಗೆ ಇಟ್ಟುಕೊಂಡ ಕನ್ನಡ ಕಾದಂಬರಿಯಲ್ಲಿತ್ತು! ಇದನ್ನು ಹೇಳಿದರೆ ಇವತ್ತಿಗೂ ಕೆಲವರು ನಂಬಲ್ಲ.

ನಮ್ಮ ಶಿವಾರಪಟ್ಟಣ ಕಲ್ಲಿನ ಕೆತ್ತನೆಗೆ ಹೆಸರಾದ ಊರು. ಬೆಳಗಾದರೆ ಉಳಿ ಸುತ್ತಿಗೆಯ ಸದ್ದು, ಬೀದಿಯಲ್ಲಿ ಅರ್ಧ ಕಣ್ಣು ಬಿಟ್ಟ ಗಣಪತಿ, ಇನ್ನೂ ಮೂಗು ಬರದ ವೆಂಕಟರಮಣ. ಗಂಡಸರ ಕಲೆ ಬೀದಿಯಲ್ಲೇ ನಡೆಯುತ್ತದೆ, ಎಲ್ಲರಿಗೂ ಕಾಣುತ್ತದೆ. ಹೆಂಗಸರ ಓದು ಕಾಣುತ್ತಿರಲಿಲ್ಲ. ನನ್ನ ಸೋದರತ್ತೆಯೊಬ್ಬಳಿಗೆ ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ನಿಲ್ಲಿಸಿದರು. ಮಾಲೂರಿಗೆ ಹೋಗಿಬರುವ ಯಾರಾದರೂ ಹಳೇ ವಾರಪತ್ರಿಕೆ ತಂದುಕೊಟ್ಟರೆ ಅವಳು ಧಾರಾವಾಹಿಯ ಪುಟಗಳನ್ನಷ್ಟೇ ಬಿಡಿಸಿ, ಕ್ರಮವಾಗಿ ಜೋಡಿಸಿ, ಗೋಣಿಚೀಲ ಹೊಲಿಯುವ ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದಳು. ರಟ್ಟಿಗೆ ಕ್ಯಾಲೆಂಡರಿನ ಹಾಳೆ. ಮಧ್ಯೆ ಒಂದು ವಾರದ ಕಂತು ಸಿಗದಿದ್ದರೆ ಆ ಜಾಗಕ್ಕೆ ಖಾಲಿ ಹಾಳೆ ಇಡುತ್ತಿದ್ದಳು, ಮುಂದೆಂದಾದರೂ ಸಿಕ್ಕೀತು ಅಂತ. ಓದು ಬಿಟ್ಟ ಹುಡುಗಿ ಅಂತ ಅವಳನ್ನು ಕರೆದ ಊರಿನಲ್ಲಿ ಅವಳಷ್ಟು ಓದಿದವರು ಮೂರು ಜನ ಸಿಗುತ್ತಿರಲಿಲ್ಲ. ಹೊಲಿದ ಆ ಪುಸ್ತಕಗಳು ಏಳೆಂಟು ಮನೆ ಸುತ್ತಿ, ಅಂಚು ಸವೆದು, ಹಿಟ್ಟಿನ ಕೈಗುರುತು ಹೊತ್ತು ವಾಪಸ್ ಬರುತ್ತಿದ್ದವು. ಹೆಸರಿಲ್ಲದ, ರಿಜಿಸ್ಟರ್ ಇಲ್ಲದ ಲೈಬ್ರರಿ ಅದು. ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯದ ಕಾಯ್ದೆ ಬಂದದ್ದು ‘ಸುಧಾ’ ಹುಟ್ಟಿದ 1965ರಲ್ಲೇ. ನಮ್ಮ ಬೀದಿಯಲ್ಲಿ ಆ ಕಾಯ್ದೆಯ ಕೆಲಸವನ್ನು ಅತ್ತೆಯ ದಬ್ಬಳ ಮಾಡಿತು.

ಇಂಥ ಓದನ್ನು ವಿಮರ್ಶೆಯವರು ‘ಅಡುಗೆಮನೆ ಸಾಹಿತ್ಯ’ ಅಂತ ಕರೆದು ಕೈ ತೊಳೆದುಕೊಂಡರು. ಅವರ ತಕರಾರಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಬಹುಪಾಲು ಕಥೆಗಳ ನಾಯಕಿ ಪೇಟೆಯವಳು, ಮೇಲ್ಜಾತಿಯವಳು, ವೀಣೆ ಬಾರಿಸುವವಳು. ಹಳ್ಳಿ ಬಂದರೆ ರಜೆ ಕಳೆಯುವ ಜಾಗವಾಗಿ ಬರುತ್ತಿತ್ತು. ನಮ್ಮೂರಿನ ಹುಡುಗಿ ಆ ಕಥೆಗಳಲ್ಲಿ ಹೆಚ್ಚೆಂದರೆ ಕೆಲಸದವಳು. ಎಷ್ಟೇ ದಿಟ್ಟವಾಗಿ ಶುರುವಾದರೂ ಹೆಚ್ಚಿನವು ತಾಳಿಯಲ್ಲೋ ತ್ಯಾಗದಲ್ಲೋ ಮುಗಿಯುತ್ತಿದ್ದವು. ಇದೆಲ್ಲ ಸರಿಯೇ. ಆದರೆ ಒಂದು ಕೋಣೆಯ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ, ಒಬ್ಬಳು ಹುಡುಗಿ ತನಗೋಸ್ಕರ ಅಂತ ಒಂದು ಗಂಟೆ ಕೂತಳು. ಪರೀಕ್ಷೆಗಲ್ಲ, ಪೂಜೆಗಲ್ಲ. ತನಗೆ ಏನು ಇಷ್ಟ, ಎಂಥವನು ಬೇಕು, ಎಂಥವನು ಬೇಡ ಅಂತ ಮನಸ್ಸಿನಲ್ಲೇ ಆರಿಸಿಕೊಂಡಳು. ಆ ಗಂಟೆಯನ್ನು ಆ ಕಾಲದಲ್ಲಿ ಅವಳಿಗೆ ಕೊಟ್ಟದ್ದು ನವ್ಯವೂ ಅಲ್ಲ ಬಂಡಾಯವೂ ಅಲ್ಲ, ಈ ಕಾದಂಬರಿಗಳು.

1994ರಲ್ಲಿ ಉದಯ ಟಿವಿ ಬಂತು. ಅಲ್ಲಿಂದ ‘ಧಾರಾವಾಹಿ’ ಅನ್ನುವ ಪದದ ಅರ್ಥವೇ ಬದಲಾಯಿತು. ಇವತ್ತು ಆ ಪದ ಕೇಳಿದರೆ ಯಾರಿಗೂ ಕಾಗದ ನೆನಪಾಗಲ್ಲ. ಟಿವಿಯಲ್ಲಿ ಕಥೆ ಸಿಕ್ಕಿತು, ಆ ಒಂಟಿ ಗಂಟೆ ಹೋಯಿತು. ಟಿವಿಯನ್ನು ಮನೆಮಂದಿಯ ಮಧ್ಯೆ ಕೂತು ನೋಡಬೇಕು, ರಿಮೋಟು ಇನ್ಯಾರದೋ ಕೈಯಲ್ಲಿ. ಹಳೇ ವಾರಪತ್ರಿಕೆಗಳು ತೂಕಕ್ಕೆ ಹೋದವು. ಕಡಲೆಕಾಯಿಯ ಪೊಟ್ಟಣ ಬಿಚ್ಚಿದರೆ ಯಾವುದೋ ನಾಯಕಿ ಅರ್ಧ ವಾಕ್ಯದಲ್ಲಿ ನಿಂತಿರುತ್ತಿದ್ದಳು. ಆಮೇಲೆ ಮೊಬೈಲು ಬಂದು ಆ ಗಂಟೆಯನ್ನು ಹಿಂದಕ್ಕೆ ತಂದಿದೆ. ನಮ್ಮ ಬೆಂಗಳೂರಿನಲ್ಲೇ ಶುರುವಾದ ಪ್ರತಿಲಿಪಿಯಂಥ ಆಪ್‌ಗಳಲ್ಲಿ ಕನ್ನಡದ ಹುಡುಗಿಯರು ಕಂತು ಕಂತಾಗಿ ಪ್ರೇಮಕಥೆ ಬರೆಯುತ್ತಿದ್ದಾರೆ, ಓದುತ್ತಿದ್ದಾರೆ. ಅದೇ ಓದುಗಳು, ಅದೇ ರಾತ್ರಿ ಹತ್ತು ಗಂಟೆ. ಈ ಸಲವಾದರೂ ನಾವು ಅವಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಚಳಿಗಾಲದ ಕಥೆಗೆ ಹಿಮವೇ ಬೇಕು ಅಂತ ಏನಿಲ್ಲ. ಮಾಲೂರು ಸೀಮೆಯ ಮಾಗಿಯಲ್ಲಿ ಏನಿಲ್ಲ ಹೇಳಿ. ಸೊಗಡಿನ ಅವರೆಕಾಯಿ ಇದೆ, ಬೀದಿಯಲ್ಲಿ ಕೂತು ಬೇಳೆ ಹಿಸುಕುವ ಹರಟೆ ಇದೆ. ಧನುರ್ಮಾಸದ ನಸುಕಿನಲ್ಲಿ ದೇವಸ್ಥಾನದ ಬಿಸಿ ಹುಗ್ಗಿಗೆ ನಿಂತ ಸಾಲಿದೆ. ಆ ಸಾಲಿನಲ್ಲಿ ಎರಡು ಜನರ ಹಿಂದೆ ನಿಂತ ಹುಡುಗ ಇದ್ದೇ ಇರ್ತಾನೆ. ರಾಗಿ ಕಣ ಕಾಯುವ ರಾತ್ರಿಯಿದೆ, ಬೆಂಕಿಯಿದೆ, ಕಂಬಳಿಯಿದೆ. ನರಸಾಪುರದ ಫ್ಯಾಕ್ಟರಿಗೆ ಹುಡುಗಿಯರನ್ನು ಕರೆದೊಯ್ಯುವ ಬಸ್ಸು ಮಂಜಿನಲ್ಲಿ ಲೈಟು ಹಾಕಿಕೊಂಡು ಬರುತ್ತದೆ. ಹದಿನೇಳರವರಿಗೆ ನಗುನಗುತ್ತಾ ಓದಿಸುವ ಪುಸ್ತಕ ಇದರಲ್ಲಿ ಹತ್ತಾದರೂ ಇವೆ. ನಾಯಕಿ ನಮ್ಮೂರವಳೇ ಆಗಿರಲಿ, ಕೆಲಸದವಳ ಪಾತ್ರ ಸಾಕು.

ಅಲ್ಲಿಯವರೆಗೆ ಒಂದು ಕೆಲಸ ನಾವೆಲ್ಲ ಮಾಡಬಹುದು. ಈ ಸಂಕ್ರಾಂತಿಗೆ ಊರಿಗೆ ಹೋದಾಗ ನಿಮ್ಮ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮನನ್ನು ಕೇಳಿ: ನಿಮಗೆ ಹದಿನಾರಾಗಿದ್ದಾಗ ಯಾವ ಕಾದಂಬರಿ ಓದ್ತಿದ್ರಿ? ಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ನಿಲ್ಲಿಸಲ್ಲ. ಹೆಸರುಗಳನ್ನು ಬರೆದುಕೊಳ್ಳಿ. ಅಟ್ಟ ಹತ್ತಿ ನೋಡಿ. ಹೊಲಿದ ಪುಸ್ತಕವೇನಾದರೂ ಸಿಕ್ಕರೆ ಫೋಟೋ ತೆಗೆದಿಟ್ಟು, ಪುಸ್ತಕವನ್ನು ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಡಿ. ಮಧ್ಯದಲ್ಲಿ ಖಾಲಿ ಹಾಳೆ ಇದ್ದರೆ ಅದನ್ನು ಮಾತ್ರ ಕೀಳಬೇಡಿ.