ಕೃಷ್ಣೆಯ ಒಡಲಲ್ಲಿ ಸಂಗಮೇಶ್ವರ

ಕೃಷ್ಣಾ ನದಿಗೆ ಉಪನದಿಗಳು ಬಂದು ಕೂಡುವೆಡೆಗಳಲ್ಲಿ ಸಂಗಮೇಶ್ವರನೆಂಬ ಹೆಸರಿನ ದೇಗುಲಗಳು ನೆಲೆಗೊಂಡಿವೆ. ಅಣೆಕಟ್ಟುಗಳ ಹಿನ್ನೀರು ಈ ಕ್ಷೇತ್ರಗಳಲ್ಲಿ ಕೆಲವನ್ನು ಮುಟ್ಟಿತಾದರೂ ಅವುಗಳಿಗೆ ಒದಗಿದ ಗತಿ ಒಂದೇ ಬಗೆಯದಲ್ಲ.

ಕೂಡಲಸಂಗಮದ ಸಂಗತಿ ಶರಣಬಂಧುಗಳು ಬಲ್ಲುದೇ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರದ ನೀರು ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತುವರಿಯಿತು. ಐಕ್ಯಲಿಂಗವನ್ನು ಕದಲಿಸದೆ, ಸುತ್ತಲೂ ಬಾವಿಯಂತಹ ದುಂಡುಗೋಡೆಯನ್ನು ಎಬ್ಬಿಸಲಾಯಿತು. ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ.

ಅದೇ ಕೃಷ್ಣೆ ಮುಂದೆ ತುಂಗಭದ್ರೆಯನ್ನು ಕೂಡುವ ಕೂಡವೆಲ್ಲಿಯಲ್ಲಿ ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರಾಲಯವಿತ್ತು. ಅದು ಶ್ರೀಶೈಲ ಜಲಾಶಯದ ಪಾಲಾಗಲಿದ್ದುದರಿಂದ ಕಲ್ಲುಕಲ್ಲನ್ನೂ ಬಿಚ್ಚಿ ಆಲಂಪುರದಲ್ಲಿ ಮರಳಿ ಜೋಡಿಸಿದರು. ಶಿಲ್ಪವೇನೋ ಉಳಿಯಿತು, ಸಂಗಮವನ್ನು ಕೊಂಡೊಯ್ಯುವುದು ಸಾಧ್ಯವಿರಲಿಲ್ಲ. ಅದೇ ಜಲಾಶಯದಲ್ಲಿ ನೂರಕ್ಕೂ ಮಿಕ್ಕಿದ ಗ್ರಾಮಗಳು ಮುಳುಗಿದವು. ದೇಹವೇ ದೇಗುಲವೆಂದ ಬಸವಣ್ಣನವರ ವಚನವನ್ನು ನೆನೆದು, ಕಲ್ಲು ಮುಳುಗಿದರೇನೆಂದು ಸಮಾಧಾನ ಹೇಳುವವರುಂಟು. ಆ ಅರ್ಥ ಅವಸರದ್ದು. ವಚನವನ್ನು ಒಪ್ಪಿದವರು, ಮನೆ ಹೊಲ ಬಿಟ್ಟೆದ್ದ ಆ ಗ್ರಾಮಸ್ಥರ ಲೆಕ್ಕವನ್ನೇ ಮೊದಲು ಕೇಳಬೇಕಾಗುತ್ತದೆ. ಆಲಂಪುರದ ಕಲ್ಲುಗಳಿಗೆ ದೊರೆತ ಜತನ ಅವರ ಬಾಳಿಗೂ ದೊರೆಯಿತೇ ಎಂಬ ಪ್ರಶ್ನೆಯನ್ನು ದೇಗುಲಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಎತ್ತುವುದಿಲ್ಲ.

ಇನ್ನೂ ಕೆಳಗೆ, ಭವನಾಶಿ ಕೃಷ್ಣೆಯನ್ನು ಸೇರುವಲ್ಲಿ, ಇಂದಿನ ನಂದ್ಯಾಲ ಜಿಲ್ಲೆಯ ಸಂಗಮೇಶ್ವರವಿದೆ. ಇದನ್ನು ಸಪ್ತನದೀ ಸಂಗಮವೆನ್ನುತ್ತಾರೆ. ಆ ಏಳರಲ್ಲಿ ಮಲಾಪಹಾರಿಣಿಯೂ ಒಂದು. ಅದು ನಮ್ಮ ಮಲಪ್ರಭೆಯೇ. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿದ ನೀರು, ಅಕ್ಕಮಹಾದೇವಿ ಅರಸಿ ಹೋದ ಶ್ರೀಶೈಲದತ್ತ ಈ ದಾರಿಯಲ್ಲೇ ಸಾಗುತ್ತದೆ. ಇಲ್ಲಿ ಗೋಡೆ ಏಳಲಿಲ್ಲ, ಮೂಲಸ್ಥಾನವೂ ಕದಲಲಿಲ್ಲ. 1980ರ ದಶಕದ ಮೊದಲಿನಿಂದ ದೇವಸ್ಥಾನ ನೀರಿನದಾಯಿತು. ಜಲಾಶಯ ತುಂಬಿದಾಗ ಜಲಚರಗಳಿಗಲ್ಲದೆ ಗರ್ಭಗುಡಿಯಲ್ಲಿ ಯಾರಿಗೂ ಪ್ರವೇಶವಿಲ್ಲ. ಬೇಸಿಗೆಯಲ್ಲಿ ಮಟ್ಟ ಇಳಿದರೆ ಕೆಸರು ಹೊತ್ತ ಗೋಡೆಗಳು ತಲೆಯೆತ್ತುತ್ತವೆ. ನೀರು ಸಾಕಷ್ಟು ಇಳಿಯದ ವರ್ಷ ದರ್ಶನವೇ ಇಲ್ಲ.

ಇಲ್ಲಿಯ ಲಿಂಗ ಮರದ್ದು, ಬೇವಿನದು; ಧರ್ಮರಾಯ ಸ್ಥಾಪಿಸಿದನೆಂದು ಸ್ಥಳಪುರಾಣ. ಮರ ಇಷ್ಟು ಕಾಲ ಹೇಗೆ ತಡೆಯಿತೆಂದು ಅಚ್ಚರಿಪಡುವವರು ಒಂದನ್ನು ಗಮನಿಸಬೇಕು. ಪೂರ್ಣ ಮುಳುಗಿ ಗಾಳಿ ತಗುಲದ ಮರ ಬೇಗ ಕೊಳೆಯುವುದಿಲ್ಲ. ನೆನೆದು ಒಣಗುವುದೇ ಅದಕ್ಕೆ ಹೆಚ್ಚಿನ ಅಪಾಯ.

ನೀರು ಹಿಂದೆ ಸರಿದೊಡನೆ ಹೂಳು ತೆಗೆದು ಪೂಜೆ ಆರಂಭವಾಗುತ್ತದೆ. ಮಳೆಗಾಲದಲ್ಲಿ ಮೇಲಿನಿಂದ ಪ್ರವಾಹ ಬರುತ್ತಿದ್ದಂತೆ ಅರ್ಚಕರು ಗರ್ಭಗುಡಿಯೊಳಗೆ ನೀರು ಏರುವ ತನಕ ನಿಂತು ಆ ವರ್ಷದ ಕೊನೆಯ ಮಂಗಳಾರತಿ ಎತ್ತುತ್ತಾರೆ.