ಕಲ್ಯಾಣ–ಹುಮನಾಬಾದ್ ಸೀಮೆಯೂ ಪಡುಗಡಲ ನೀರೂ

ಬಸವಕಲ್ಯಾಣದ ಕೋಟೆಯ ಮೇಲೆ ನಿಂತವನಿಗೆ ಸಮುದ್ರದ ನೆನಪು ಬರುವುದು ಅಪೂರ್ವ. ಪಡುಗಡಲು ಅಲ್ಲಿಂದ ಸುಮಾರು 400 ಕಿಲೋಮೀಟರ್ ದೂರದಲ್ಲಿದೆ. ನಡುವೆ ಸಹ್ಯಾದ್ರಿಯ ಘಟ್ಟಗಳಿವೆ. ಆದುದರಿಂದಲೇ ಕಲ್ಯಾಣದ ಚಾಲುಕ್ಯರ ಮತ್ತು ಬಹಮನಿ ಸುಲ್ತಾನರ ಚರಿತ್ರೆಯನ್ನು ನಾವು ನೆಲದ ಚರಿತ್ರೆಯೆಂದೇ ಬರೆಯುತ್ತ ಬಂದಿದ್ದೇವೆ. ಬಂದರುಗಳನ್ನು ಹೆಸರಿಸುತ್ತೇವೆ, ಅವುಗಳ ಮುಂದಿನ ನೀರು ಮಾತ್ರ ನಮಗೆ ನಕಾಶೆಯ ಖಾಲಿ ಜಾಗ. ಆ ನೀರಿಗೂ ಒಂದು ಋತುಕ್ರಮವುಂಟು, ಅದು ಒಳನಾಡಿನ ಬದುಕನ್ನೂ ಮುಟ್ಟಿತು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕಡಲಿನ ವಿಚಾರ. ತೀರದಿಂದ ಆಳಸಮುದ್ರದವರೆಗೆ ನೀರಿನಡಿಯಲ್ಲಿ ಚಾಚಿರುವ ತಗ್ಗಿನ ನೆಲವನ್ನು ಖಂಡಾವರಣವೆನ್ನುವರು. ಪಶ್ಚಿಮ ತೀರದಲ್ಲಿ ಇದು ಮುಂಬಯಿಯ ಎದುರು ಬಹು ವಿಶಾಲವಾಗಿದ್ದು, ದಕ್ಷಿಣಕ್ಕೆ ಹೋದಂತೆ ಕಿರಿದಾಗುತ್ತದೆ. ಇದರ ಮೇಲಣ ಪ್ರವಾಹವು ಮುಂಗಾರಿನಲ್ಲಿ ದಕ್ಷಿಣಾಭಿಮುಖ, ಚಳಿಗಾಲದಲ್ಲಿ ಉತ್ತರಾಭಿಮುಖ. ಮುಂಗಾರಿನ ತಿಂಗಳುಗಳಲ್ಲಿ ಕೆಳಗಿನ ತಂಪಾದ ನೀರು ಖಂಡಾವರಣದ ಮೇಲಕ್ಕೆ ಏರುತ್ತದೆ. ಅದರಲ್ಲಿ ಪೋಷಕ ಲವಣಗಳು ಹೆಚ್ಚು, ಪ್ರಾಣವಾಯು ಕಡಿಮೆ. ಮೇಲಿನ ಹಗುರವಾದ ನೀರಿಗೂ ಕೆಳಗಿನ ಭಾರವಾದ ನೀರಿಗೂ ನಡುವಣ ಗಡಿಯಲ್ಲಿ ಆಂತರಿಕ ಅಲೆಗಳು ಏಳುತ್ತವೆ. ಭರತ ಇಳಿತಗಳ ಹರಿವು ಖಂಡಾವರಣದ ಅಂಚನ್ನು ದಾಟುವಾಗ ಇವು ಹುಟ್ಟುವುದುಂಟು. ಮೇಲ್ಮೈ ಹೆಚ್ಚು ಕದಲದಿದ್ದರೂ ಒಳಗಿನ ಅಲೆ ಹತ್ತಾರು ಮೀಟರ್ ಎತ್ತರವಿರಬಲ್ಲದು; ಅದು ಒಡೆದಲ್ಲಿ ಪದರಗಳು ಬೆರೆತು, ಪೋಷಕ ಲವಣಗಳು ಬೆಳಕಿರುವ ನೀರಿಗೆ ಬರುತ್ತವೆ. ಸೂಕ್ಷ್ಮಸಸ್ಯಗಳು ಬೆಳೆದು, ಬೂತಾಯಿ ಬಂಗುಡೆಗಳ ಹಿಂಡಿಗೆ ಆಹಾರವಾಗುವುದು ಹೀಗೆ. 1893ರಲ್ಲಿ ನಾನ್ಸೆನ್ನನ ಹಡಗು ಉತ್ತರದ ಹಿಮಸಾಗರದಲ್ಲಿ ಕಾರಣವಿಲ್ಲದೆ ತಡೆದಂತಾದಾಗ, ಇಂತಹ ಅಲೆಗಳೇ ಕಾರಣವೆಂದು 1904ರಲ್ಲಿ ಎಕ್ಮನ್ ವಿವರಿಸಿದನು. ನಮ್ಮ ಸಮುದ್ರದ ಕ್ರಮಬದ್ಧ ಅಧ್ಯಯನಕ್ಕೆ 1959ರಿಂದ 1965ರವರೆಗಿನ ಅಂತರರಾಷ್ಟ್ರೀಯ ಹಿಂದೂಮಹಾಸಾಗರ ಶೋಧನೆಯೂ, 1966ರಲ್ಲಿ ಸ್ಥಾಪಿತವಾಗಿ ಗೋವೆಯಲ್ಲಿ ನೆಲೆಗೊಂಡ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ತಳಹದಿ ಹಾಕಿದವು.

ಪ್ರಾಚೀನ ನಾವಿಕರಿಗೆ ಕಾರಣಗಳು ತಿಳಿದಿರಲಿಲ್ಲ, ಲಕ್ಷಣಗಳು ತಿಳಿದಿದ್ದವು. ಕ್ರಿ.ಶ. ಮೊದಲ ಶತಮಾನದ ‘ಪೆರಿಪ್ಲಸ್’ ಗ್ರಂಥಕರ್ತನು ಜುಲೈ ತಿಂಗಳಲ್ಲಿ ಈಜಿಪ್ತಿನಿಂದ ಹೊರಡಬೇಕೆನ್ನುತ್ತಾನೆ. ತೀರ ಸಮೀಪಿಸಿತೆಂಬುದಕ್ಕೆ ಆಳದಿಂದ ಮೇಲೇಳುವ ಹಾವುಗಳ ಗುರುತನ್ನು ಕೊಡುತ್ತಾನೆ. ಅವನು ಹೇಳುವ ‘ಕಲ್ಲಿಯೇನ’ ಮುಂಬಯಿಯ ಬಳಿಯ ಕಲ್ಯಾಣವೇ ಹೊರತು ನಮ್ಮ ಕಲ್ಯಾಣವಲ್ಲ. ಆದರೆ ಅವನ ‘ತಗರ’ ಈಗಿನ ತೇರ್. ಅದು ಬಸವಕಲ್ಯಾಣದ ಪಶ್ಚಿಮಕ್ಕೆ ಇದೇ ಪ್ರಸ್ಥಭೂಮಿಯ ಮೇಲಿದೆ. ಅಲ್ಲಿಯ ಬಟ್ಟೆ ಬಂಡಿಗಳಲ್ಲಿ ಭರುಕಚ್ಛದ ಬಂದರಿಗೆ ಹೋಗುತ್ತಿತ್ತೆಂದು ಅವನು ಬರೆದಿದ್ದಾನೆ. ಬಂಡಿ ಹೂಡುವ ಕಾಲವನ್ನು ಹಡಗಿನ ಕಾಲದಿಂದ ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲ.

ಕಲ್ಯಾಣದ ಅರಮನೆಗೂ ಕಡಲು ಅಪರಿಚಿತವಾಗಿರಲಿಲ್ಲ. ಆರನೆಯ ವಿಕ್ರಮಾದಿತ್ಯನು ತನ್ನ ಮಗಳು ಮೈಲಲದೇವಿಯನ್ನು ಗೋವೆಯ ಕದಂಬ ಜಯಕೇಶಿಗೆ ಕೊಟ್ಟು ಬಂದರಿನೊಡನೆ ಬಾಂಧವ್ಯ ಬೆಳೆಸಿದನು. ಅವನ ಮಗ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಅಲ್ಲಿ ಕಡಲಿನ ಮೀನುಗಳೂ ಸಿಹಿನೀರಿನ ಮೀನುಗಳೂ ಬೇರೆಬೇರೆಯಾಗಿ ಹೇಳಲ್ಪಟ್ಟಿವೆ. ಒಳನಾಡಿನ ಚಕ್ರವರ್ತಿಯೊಬ್ಬನ ಗ್ರಂಥದಲ್ಲಿ ಈ ವಿವೇಚನೆ ಇರುವುದು ಗಮನಾರ್ಹ.

ಇನ್ನೂ ಸ್ಪಷ್ಟವಾದ ಸಾಕ್ಷ್ಯ ರಷ್ಯದ ವರ್ತಕ ಅಫನಾಸಿ ನಿಕಿತಿನನದು. 15ನೆಯ ಶತಮಾನದ ಉತ್ತರಾರ್ಧದಲ್ಲಿ ಅವನು ಹೊರ್ಮುಜಿನಿಂದ ಒಂದು ಕುದುರೆಯನ್ನು ಹಡಗಿನಲ್ಲಿ ತಂದು ಚೌಲಿನಲ್ಲಿ ಇಳಿದನು. ಮಳೆಗಾಲದಲ್ಲಿ ಜುನ್ನರಿನಲ್ಲಿ ಎರಡು ತಿಂಗಳು ತಂಗಿ, ಬಳಿಕ ಬೀದರಿಗೆ ಬಂದು ಅದನ್ನು ಮಾರಿದನು. ಅವನು ವರ್ಣಿಸುವ ಕುದುರೆಯ ಜಾತ್ರೆಯ ಊರನ್ನು ವಿದ್ವಾಂಸರು ಬಸವಕಲ್ಯಾಣದ ನೈಋತ್ಯಕ್ಕಿರುವ ಆಳಂದವೆಂದು ಗುರುತಿಸಿದ್ದಾರೆ. ಅಲ್ಲಿ 20,000 ಕುದುರೆಗಳು ಸೇರುತ್ತಿದ್ದವೆಂಬ ಅವನ ಲೆಕ್ಕದಲ್ಲಿ ಅತಿಶಯವಿದ್ದೀತು. ಆದರೆ ಬಹಮನಿ ಸೈನ್ಯಕ್ಕೆ ಬೇಕಾದ ಒಳ್ಳೆಯ ಕುದುರೆ ಕಡಲಿನಿಂದಲೇ ಬರಬೇಕಾಗಿತ್ತು. ಮರಳುವಾಗ ದಾಭೋಲಿನಲ್ಲಿ ಹಡಗು ಹತ್ತಿದ ನಿಕಿತಿನನು ಒಂದು ತಿಂಗಳು ನೆಲ ಕಾಣದೆ, ಕೊನೆಗೆ ಇಥಿಯೋಪಿಯದ ಬೆಟ್ಟಗಳನ್ನು ಕಂಡನು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮುಂಗಾರಿನಲ್ಲಿ ಬಂದರುಗಳನ್ನು ಮುಚ್ಚಿದುದು ಮುಖ್ಯವಾಗಿ ಗಾಳಿ. ಆಂತರಿಕ ಅಲೆಗಳಿಂದ ರಾಜ್ಯಗಳ ಏಳುಬೀಳನ್ನು ವಿವರಿಸಲು ಹೊರಡುವುದು ಸಾಹಸವಾದೀತು. ಆದರೆ ಹಡಗುಗಳಿಗೆ ತೀರವನ್ನು ಮುಚ್ಚಿದ ಋತುವೇ ಮೀನಿಗೆ ಆ ನೀರನ್ನು ಫಲವತ್ತಾಗಿಸಿತು. ವರ್ತಕನಿಗೆ ಬಿಡುವಿನ ಕಾಲವಾದುದು ಕಡಲಿಗೆ ಕೃಷಿಯ ಕಾಲ. ಈ ಎರಡನ್ನೂ ಒಟ್ಟಿಗೆ ನೋಡಿದಾಗಲೇ ತೀರದ ಆರ್ಥಿಕ ಜೀವನ ಅರ್ಥವಾಗುತ್ತದೆ.

ಇಂದು ಪುಣೆಯಿಂದ ಮಚಲೀಪಟ್ಟಣಕ್ಕೆ ಹೋಗುವ ಹೆದ್ದಾರಿ ಹುಮನಾಬಾದನ್ನು ಹಾದುಹೋಗುತ್ತದೆ. ಬೀದರ–ಕಲಬುರಗಿಯ ಮಾರ್ಗ ಅಲ್ಲಿಯೇ ಅದನ್ನು ಸಂಧಿಸುತ್ತದೆ. ಎರಡು ಸಮುದ್ರಗಳ ನಡುವಣ ನೆಲ ಇದು. ಬಂಗಾಳ ಕೊಲ್ಲಿಯ ಗಾಳಿಯ ಪ್ರಭಾವವು ತೀರವನ್ನು ಹಿಡಿದು ಸಾಗುವ ಅಲೆಗಳ ಮೂಲಕ ಲಂಕೆಯನ್ನು ಬಳಸಿ ಪಡುಗಡಲ ಪ್ರವಾಹವನ್ನೂ ಮುಟ್ಟುತ್ತದೆಂದು ಸಾಗರವಿಜ್ಞಾನಿಗಳು ತಿಳಿಸಿದ್ದಾರೆ. ಕಡಲುಗಳು ನೀರಿನಲ್ಲಿ ಹೀಗೆ ಕೂಡಿರುವಾಗ, ಅವುಗಳ ನಡುವಿನ ಸೀಮೆಯ ಚರಿತ್ರೆಯನ್ನು ಕೇವಲ ಕೋಟೆಕೊತ್ತಳಗಳಿಂದ ಬರೆಯುವುದು ಅಪೂರ್ಣವೇ ಸರಿ. ಶಾಸನಗಳ ಜೊತೆಗೆ ಕಡಲಿನ ಋತುಗಳನ್ನೂ ಓದುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕಾಗಿದೆ.