ಕೋಡಿಯ ಕೆಳಗಿನ ಹೊಳೆ: ಹಿರಿಯೂರಿನ ವೇದಾವತಿ, 1892–2025

ಚಿತ್ರದುರ್ಗಕ್ಕೆ ನದಿ ಇಲ್ಲ. ಕೋಟೆಯ ಜನ ಬಂಡೆಯ ಮೇಲೆ ಬಿದ್ದ ಮಳೆಯನ್ನೇ ಹಿಡಿದು ಬದುಕಿದರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿಯರ ಹೊಂಡ, ಅದು ತುಂಬಿದರೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ನೀರು ಹೀಗೆ ಮೆಟ್ಟಿಲಿಳಿದು ಬರುತ್ತಿತ್ತು. ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವೂ ಮಾತನಾಡುವುದು ಒಂದು ಕೆರೆಯ ಬಗ್ಗೆಯೇ. ಜಿಲ್ಲೆಯ ಊರುಗಳಲ್ಲಿ ಹೊಳೆಯ ದಂಡೆಯ ಮೇಲೆ ಕೂತ ಪಟ್ಟಣವೆಂದು ನಿಸ್ಸಂಕೋಚವಾಗಿ ಕರೆಯಬಹುದಾದದ್ದು ಹಿರಿಯೂರು. ಕಳೆದ ಶತಮಾನದ ಬಹುಕಾಲ ಹೊಳೆಯಿದ್ದೂ ನೀರಿಲ್ಲದೆ ಬದುಕಿದ ಪಟ್ಟಣವೂ ಅದೇ.

ವೇದಾವತಿಯ 'ಅಭಿವೃದ್ಧಿ' ಎಂದು ಸರ್ಕಾರಿ ಕಡತಗಳಲ್ಲಿ ಬಂದದ್ದೆಲ್ಲ ನೀರನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿಂದ ತರಬೇಕು ಎಂಬ ಮಾತು. ಹೊಳೆಯ ಪಾತ್ರ ಆ ಲೆಕ್ಕದಲ್ಲಿ ಬರಲೇ ಇಲ್ಲ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಸೇರಿ ವೇದಾವತಿಯಾಗುತ್ತವೆ. ಕೂಡುವ ಮುನ್ನವೇ ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿ ಬಂದಿರುತ್ತದೆ. ಹೊಸದುರ್ಗ ತಾಲ್ಲೂಕಿನಲ್ಲಿ ಕೆಲ್ಲೋಡಿನ ಬಳಿ ಹಾದು, ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯನ್ನು ದಾಟಿ ಹಿರಿಯೂರಿನ ಬಲದಂಡೆಗೆ ಬರುತ್ತದೆ. ಕೂಡಲಹಳ್ಳಿಯಲ್ಲಿ ಸುವರ್ಣಮುಖಿಯನ್ನು ಸೇರಿಸಿಕೊಂಡು, ಚಳ್ಳಕೆರೆ ಸೀಮೆಯನ್ನು ಬಳಸಿ ಆಂಧ್ರಕ್ಕೆ ನುಗ್ಗುವಾಗ ಹೆಸರು ಬದಲಾಗಿ ಹಗರಿ. ಬಳ್ಳಾರಿ ಜಿಲ್ಲೆಯಲ್ಲಿ ತುಂಗಭದ್ರೆಗೆ ಸೇರುವುದೂ ಹಗರಿಯಾಗಿಯೇ.

ಮಾರಿಕಣಿವೆಗೆ ಕಟ್ಟೆ ಹಾಕಿದ್ದರ ಹಿಂದೆ ಇದ್ದದ್ದು ಬರ. 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಎಣಿಕೆಗೆ 42 ಲಕ್ಷದಷ್ಟಕ್ಕೆ ಇಳಿದಿತ್ತು. ನಡುವೆ 1876–78ರ ಕ್ಷಾಮ ಹಾದುಹೋಗಿತ್ತು. ವರ್ಷಕ್ಕೆ 600 ಮಿಲಿಮೀಟರ್ ಮಳೆಯನ್ನೂ ನೆಚ್ಚುವಂತಿಲ್ಲದ ಈ ಸೀಮೆಯಲ್ಲಿ ಸಣ್ಣ ಕೆರೆಗಳ ಸಾಲಿನಿಂದಾಗದ್ದನ್ನು ಒಂದು ದೊಡ್ಡ ಕಟ್ಟೆ ಮಾಡೀತು ಎಂಬ ನಂಬಿಕೆ ಬಲಿತದ್ದು ಆಮೇಲೆ. ಆದರೆ ಕೆಳಗಿನ ಬಳ್ಳಾರಿ ಸೀಮೆ ಮದರಾಸಿನದು. 1892ರ ಮೈಸೂರು–ಮದರಾಸು ಒಪ್ಪಂದದಲ್ಲಿ, ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಕಾಮಗಾರಿ ಮಾಡುವಂತಿಲ್ಲವೆಂದು ಪಟ್ಟಿಮಾಡಿದ ನದಿಗಳಲ್ಲಿ ಹಗರಿ ಅಥವಾ ವೇದಾವತಿಯೂ ಇತ್ತು. ಕಾವೇರಿಯ ನೆಪದಲ್ಲಿ ಈ ಒಪ್ಪಂದವನ್ನು ಬೈಯುವವರಿಗೆ ಆ ಪಟ್ಟಿಯಲ್ಲಿ ಹಿರಿಯೂರಿನ ಹೊಳೆ ಇದ್ದದ್ದು ನೆನಪಾಗುವುದು ಅಪರೂಪ.

ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ ಆಡಳಿತ ರೀಜೆಂಟರಾಗಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಕೈಗೆ ಬಂತು. ದಿವಾನರು ಕೆ. ಶೇಷಾದ್ರಿ ಅಯ್ಯರ್. 1898ರಲ್ಲಿ ಆರಂಭವಾದ ಕೆಲಸ 1907ಕ್ಕೆ ಮುಗಿಯಿತು, ಜಲಾಶಯಕ್ಕೆ ರಾಣಿಯವರ ಹೆಸರೇ ಬಂತು. ಊರವರ ಬಾಯಲ್ಲಿ ಮಾತ್ರ ಇವತ್ತಿಗೂ ಮಾರಿಕಣಿವೆ ಡ್ಯಾಂ. ಕಟ್ಟೆಯ ಪಕ್ಕದಲ್ಲಿ ಕಣಿವೆ ಮಾರಮ್ಮ ಇದ್ದಾಳೆ, ಹೆಸರು ಅವಳದು. ಕನ್ನಂಬಾಡಿಗಿಂತ ಮೊದಲು ಸಂಸ್ಥಾನ ಕಟ್ಟಿದ ಬಹುದೊಡ್ಡ ಜಲಾಶಯ ಇದು. ಸುಮಾರು 1,330 ಅಡಿ ಉದ್ದದ ಕಲ್ಲು–ಗಾರೆಯ ಗೋಡೆಯ ಹಿಂದೆ 30 ಟಿಎಂಸಿಗೂ ಹೆಚ್ಚು ನೀರು ನಿಲ್ಲುತ್ತದೆ. ಗೇಟುಗಳಿಲ್ಲ, ನೀರು 130 ಅಡಿ ಮುಟ್ಟಿದರೆ ತಾನೇ ಕೋಡಿ ಬೀಳುತ್ತದೆ.

ಇಲ್ಲಿಯ ರಚನೆಯಲ್ಲಿ ಒಂದು ಸಣ್ಣ ವಿವರವಿದೆ. ಹಿರಿಯೂರಿನ ಇತಿಹಾಸವೆಲ್ಲ ಅದರಲ್ಲೇ ಅಡಗಿದೆ ಎಂದು ನನ್ನ ಎಣಿಕೆ. ತೂಬಿನಿಂದ ಬಿಟ್ಟ ನೀರು ನೇರವಾಗಿ ನಾಲೆಗೆ ಹೋಗುವುದಿಲ್ಲ. ಮೊದಲು ಹೊಳೆಗೇ ಬಿದ್ದು, ಕೆಲವು ಮೈಲಿ ಹೊಳೆಯಾಗಿಯೇ ಹರಿದು, ಕಾತ್ರಿಕೇನಹಳ್ಳಿಯ ಪಿಕಪ್ ಒಡ್ಡಿನಲ್ಲಿ ಎಡ–ಬಲ ನಾಲೆಗಳಿಗೆ ತಿರುಗುತ್ತದೆ. ಕಟ್ಟೆಯಿಂದ ಪಿಕಪ್ಪಿನವರೆಗೆ ವೇದಾವತಿ ಜೀವಂತ ಹೊಳೆ. ಪಿಕಪ್ಪಿನ ಕೆಳಗೆ ಅದು ಬರೀ ಮರಳು. ಹಿರಿಯೂರು ಇರುವುದು ಪಿಕಪ್ಪಿನ ಕೆಳಗೆ. ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ, ಕಬ್ಬು, ತೆಂಗು ಎದ್ದವು, ಊರು ಬೆಳೆಯಿತು, ಸಕ್ಕರೆ ಕಾರ್ಖಾನೆಯೊಂದು ಬಂದು ಮುಚ್ಚಿಯೂ ಹೋಯಿತು. ಊರನ್ನು ಬೆಳೆಸಿದ ನೀರು ಊರಿನ ಹೊಳೆಯಲ್ಲಿ ಮಾತ್ರ ಬರಲಿಲ್ಲ.

1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷಗಳನ್ನು ಎಂಜಿನಿಯರು ಜಲಾಶಯದ ದೃಷ್ಟಿಯಿಂದ 'ತುಂಬದ ವರ್ಷಗಳು' ಎಂದು ಬರೆದುಕೊಳ್ಳುತ್ತಾರೆ. ಪಟ್ಟಣದ ದೃಷ್ಟಿಯಿಂದ ನೋಡಿದರೆ ಅದು ಮೂರು ತಲೆಮಾರು. ಹೊಳೆ ಬರುವುದನ್ನು ಕಂಡವರು ತೀರಿಕೊಂಡರು, ಕಾಣದವರು ಪಾತ್ರವನ್ನು ಬಯಲೆಂದೇ ತಿಳಿದರು. ಹೊಳೆ ಬರದಿದ್ದರೂ ಹಿರಿಯೂರಿನ ತೇರುಮಲ್ಲೇಶ್ವರನ ತೇರು ವರ್ಷಾ ವರ್ಷಾ ನಡೆಯಿತು. ಮರಳು ಬಗೆದರೆ ಒರತೆ ಸಿಗುತ್ತಿದ್ದ ಕಾಲವೂ ಮುಗಿದು, ಮೊದಲು ಪಂಪ್‌ಸೆಟ್ಟು, ಆಮೇಲೆ ಕೊಳವೆಬಾವಿ, ಆಮೇಲೆ ಮರಳಿನ ಲಾರಿಗಳು ಬಂದವು. ಮರಳು ಹೋದ ಜಾಗದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. ಊರಿನ ಚರಂಡಿಗಳು ಇಳಿಜಾರನ್ನು ಹುಡುಕಿಕೊಂಡು ಅಲ್ಲಿಗೇ ಇಳಿದವು. ಪಾತ್ರದುದ್ದಕ್ಕೂ ಕಟ್ಟಿದ ಚೆಕ್‌ಡ್ಯಾಂ, ಬ್ಯಾರೇಜುಗಳಿಂದ ಸುತ್ತಲಿನ ಕೊಳವೆಬಾವಿಗಳಿಗೆ ಅನುಕೂಲವಾದದ್ದು ನಿಜ. ಆದರೆ ಅವು ನಿಂತ ನೀರಿನ ಕಟ್ಟಡಗಳು, ಹೊಳೆಯನ್ನು ಹರಿಸುವ ಕಟ್ಟಡಗಳಲ್ಲ.

ಜಲಾಶಯ ಯಾಕೆ ತುಂಬಲಿಲ್ಲ? ಮಳೆ ಕಡಿಮೆಯಾಯಿತು ಎಂಬ ಉತ್ತರ ಸುಲಭದ್ದು, ಅರ್ಧ ಸತ್ಯದ್ದು. 5,000 ಚದರ ಕಿಲೋಮೀಟರಿಗೂ ಮಿಕ್ಕ ಜಲಾನಯನದಲ್ಲಿ ಕಡೂರು, ತರೀಕೆರೆ, ಹೊಸದುರ್ಗದ ಕಡೆ ಕೆರೆಗಳು, ಒಡ್ಡುಗಳು, ತೆಂಗು–ಅಡಿಕೆ ತೋಟಗಳು, ಕೊಳವೆಬಾವಿಗಳು ಹೆಚ್ಚುತ್ತ ಹೋದವು. ಮೇಲಿನವರು ತಮ್ಮ ಪಾಲನ್ನು ಹಿಡಿದುಕೊಂಡ ಮೇಲೆ ಉಳಿದದ್ದು ಕಟ್ಟೆಗೆ. ಇತ್ತ ಕಟ್ಟೆಯ ನೀರಿಗೆ ಹೊಸ ಒಡೆಯರು: ನದಿಯಿಲ್ಲದ ಚಿತ್ರದುರ್ಗ ನಗರ, ಹಿರಿಯೂರು, ಚಳ್ಳಕೆರೆ, ಅದರಾಚೆ ಕುದಾಪುರದ ವಿಜ್ಞಾನ ಸಂಸ್ಥೆಗಳು. ನೀರಾವರಿಗೆಂದು ಕಟ್ಟಿದ್ದು ಮೆಲ್ಲಗೆ ಕುಡಿಯುವ ನೀರಿನ ತೊಟ್ಟಿಯಾಯಿತು. 2010ರ ದಶಕದ ಬರಗಳಲ್ಲಿ ನೀರು ಡೆಡ್ ಸ್ಟೋರೇಜಿನ ಸಮೀಪಕ್ಕೆ ಇಳಿದಾಗ ಆ ತೊಟ್ಟಿಯೂ ಬರಿದಾಗುವ ಭಯ ಹುಟ್ಟಿತ್ತು.

ಭದ್ರಾ ಮೇಲ್ದಂಡೆ ಯೋಜನೆ ಬಂದದ್ದು ಈ ಹಿನ್ನೆಲೆಯಲ್ಲಿ. ತುಂಗೆಯಿಂದ 17.40 ಟಿಎಂಸಿಯನ್ನು ಭದ್ರೆಗೆ, ಭದ್ರೆಯಿಂದ 29.90 ಟಿಎಂಸಿಯನ್ನು ಎತ್ತಿ ಅಜ್ಜಂಪುರದ ಬಳಿಯ ಸುರಂಗದ ಮೂಲಕ ಬಯಲುಸೀಮೆಗೆ ತರುವುದು ಇದರ ನಕ್ಷೆ. ಚಿತ್ರದುರ್ಗ ಶಾಖಾ ಕಾಲುವೆ ಹೊಳಲ್ಕೆರೆ ಸೀಮೆಯನ್ನು ಹಾದು ಹೋಗುತ್ತದೆ. ವಾಣಿವಿಲಾಸಕ್ಕೆ ಹಂಚಿಕೆಯಾದದ್ದು 2 ಟಿಎಂಸಿ, ಜಲಾಶಯದ ಹದಿನೈದರಲ್ಲಿ ಒಂದು ಪಾಲು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣ ಎಲ್ಲಿ ಎಂಬ ಜಗಳ ಆಮೇಲೆ ಬಂದ ಪ್ರತಿ ಅಧಿವೇಶನಕ್ಕೂ ಮೇವಾಯಿತು.

ಹಣದ ಕಥೆಗಿಂತ ನೀರಿನ ಕಥೆ ಸೋಜಿಗದ್ದು. 2019ರಿಂದ ಭದ್ರೆಯ ನೀರು ಎತ್ತಿ ಹರಿಸತೊಡಗಿದರು, ಅದು ವೇದಾವತಿಯ ಪಾತ್ರ ಹಿಡಿದೇ ಕಟ್ಟೆಗೆ ಬಂತು. 2022ರ ಕೋಡಿಗೆ ಭಾರೀ ಮಳೆಯ ಸಾಕ್ಷಿಯಿದೆ. ಅದರ ಮುಂದಿನ ಕೋಡಿ ಬಿದ್ದದ್ದು 2025ರ ಜನವರಿಯಲ್ಲಿ, ಸಂಕ್ರಾಂತಿಯ ಆಸುಪಾಸಿನಲ್ಲಿ. ಮಾಗಿಯ ಚಳಿಯಲ್ಲಿ ಬಯಲುಸೀಮೆಯ ಹೊಳೆ ಉಕ್ಕುವುದು ಪ್ರಕೃತಿಯ ಲೆಕ್ಕದಲ್ಲಿಲ್ಲ. ಮಳೆಗಾಲದಲ್ಲಿ ಬಹುಪಾಲು ತುಂಬಿದ್ದನ್ನು ಪಂಪಿನ ನೀರು ಅಂಚು ಮುಟ್ಟಿಸಿತು. ಕಟ್ಟೆಯ ಆಯುಸ್ಸಿನಲ್ಲಿ ಮೂರನೆಯ ಕೋಡಿ ಇದು, ಒಂದರ್ಥದಲ್ಲಿ ವಿದ್ಯುತ್ತಿನಿಂದ ಬಂದದ್ದು. ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸಿದರು. ಆ ಬಾಗಿನ ವೇದಾವತಿಗೋ ಭದ್ರೆಗೋ ಎಂದು ಕೇಳಿದವರನ್ನು ನಾನು ಕಾಣೆ.

ಕೋಡಿ ಬಿದ್ದಾಗಲೆಲ್ಲ ಹಿರಿಯೂರಿನ ಸೇತುವೆಯ ಮೇಲೆ ಜಾತ್ರೆಯಂತೆ ಜನ. ಹಬ್ಬ ಮುಗಿದ ಮೇಲೆ ಲೆಕ್ಕ ಬೇರೆ. ಹೊಳೆ ತನ್ನ ಅಗಲವನ್ನು ಮರೆತಿರಲಿಲ್ಲ. ಪಾತ್ರದಂಚಿನ ಹೊಲ–ತೋಟಗಳಿಗೆ ನೀರು ನುಗ್ಗಿತು. ಮೇಲ್ಗಡೆ ಹೊಸದುರ್ಗ ತಾಲ್ಲೂಕಿನಲ್ಲಿ ಹಿನ್ನೀರು ದಶಕಗಳಿಂದ ಬಿತ್ತುತ್ತಿದ್ದ ಜಮೀನುಗಳನ್ನು ನುಂಗಿತು. ಅವು 1907ರ ಲೆಕ್ಕದಲ್ಲಿ ಮುಳುಗಡೆ ಅಂಚಿನ ಜಮೀನುಗಳು, ರೈತನ ಅನುಭವದಲ್ಲಿ ತಾತನ ಕಾಲದ ಹೊಲ. ಕೋಡಿಯ ಎತ್ತರವನ್ನು ಇಳಿಸಿ ಎಂದು ಹೊಸದುರ್ಗದವರ ಬೇಡಿಕೆ, ಒಂದಡಿಯೂ ಇಳಿಸಬಾರದೆಂದು ಹಿರಿಯೂರಿನವರ ಪಟ್ಟು. ಮದರಾಸಿಗೂ ಮೈಸೂರಿಗೂ ಇದ್ದ ವ್ಯಾಜ್ಯ ಈಗ ಎರಡು ತಾಲ್ಲೂಕುಗಳ ನಡುವೆ ಬಂದು ನಿಂತಿದೆ.

ಈ ವಾದ–ಪ್ರತಿವಾದದಲ್ಲಿ ಎರಡೂ ಕಡೆಯವರು ಲೆಕ್ಕ ಹಾಕುವುದು ಅಡಿಗಳಲ್ಲಿ: 130, 125, 120. ಪಿಕಪ್ಪಿನ ಕೆಳಗೆ, ತೇರುಮಲ್ಲೇಶ್ವರನ ಊರಿನಿಂದ ಕೂಡಲಹಳ್ಳಿಯವರೆಗೆ, ವರ್ಷಕ್ಕೆ ಎಷ್ಟು ದಿನ ಎಷ್ಟು ನೀರು ಹೊಳೆಗೆಂದೇ ಬಿಡಬೇಕು ಎಂಬ ಅಂಕಿ ಆ ಜಗಳದ ಯಾವ ಮನವಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.